ಸ್ಪಂಜು ಯಾವ ಬಣ್ಣದ್ದು?

11 ಫೆಬ್ರವರಿ 1996

ಪ್ರೀತಿಯ ಗುಮ್ಮನಿಗೆ,

ನಾವೆಲ್ಲ ಇಲ್ಲಿ ಕ್ಷೇಮ, ನನ್ನ ದೊಡ್ಡ ಡ್ರಮ್ಮಿನ ಹೊದಿಕೆಯೊಂದನ್ನು ಬಿಟ್ಟು. ಅದು ಕಳೆದ ವಾರ ಹರಿಯಿತು. "ಬಡಿಯೋದಕ್ಕೂ ಒಂದು ಮಿತಿ ಬೇಡ್ವಾ?" ಎಂದು ನಿನ್ನ ಅಕ್ಕ ಕೇಳಿದಳು. ನೀನು ಬಾಸ್ ಗಿಟಾರ್ ಎತ್ತಿಕೊಂಡು ಹೋದ ಮೇಲೆ ಕೆಳಗಿನ ಸ್ವರಗಳ ಸದ್ದನ್ನೆಲ್ಲ ನಾನೊಬ್ಬನೇ ಹೊರಬೇಕು, ಬಡಿಯದೆ ಇನ್ನೇನು ಮಾಡಲಿ?

ನೀನು ಆ ಊರಿನ ಮುದ್ರಣಾಲಯ ಸೇರಿ ಮೂರು ತಿಂಗಳಾಯಿತು. ಭಾನುವಾರ ಮಧ್ಯಾಹ್ನ ಬಸ್ ಡಿಪೊದ ಟೈರು ಕೋಣೆಯಲ್ಲಿ ನಾವು ಮೂವರೇ. ಔಷಧಿ ಅಂಗಡಿಯ ನಮ್ಮ ಮಾತ್ರೆ ಗಿಟಾರ್ ಹಿಡಿಯುತ್ತಾನೆ, ಲೆಕ್ಕದ ಮೇಡಂ ಹಾಡುತ್ತಾರೆ, ನಾನು ಬಡಿಯುತ್ತೇನೆ. ಗೋಡೆ ಇದೆ, ಚಾವಣಿ ಇದೆ, ನೆಲವೇ ಇಲ್ಲದ ಮನೆಯಂತಾಗಿದೆ. ಹಾಡು ಮುಗಿದ ಕೂಡಲೇ ಮೂವರೂ ನೀನು ನಿಲ್ಲುತ್ತಿದ್ದ ಮೂಲೆಯನ್ನು ನೋಡುತ್ತೇವೆ. ಅಲ್ಲಿ ಈಗ ಒಂಬತ್ತು ಹಳೆಯ ಟೈರುಗಳಿವೆ. ಅವೂ ನಿನ್ನಷ್ಟೇ ಮೌನಿಗಳು, ಆದರೆ ನಿನ್ನಂತೆ ತಡವಾಗಿ ಬರುವುದಿಲ್ಲ.

ಈಗ ವಿಷಯ. ನವೆಂಬರ್ 17ಕ್ಕೆ ಡಿಪೊ ನೌಕರರ ಸಭಾಂಗಣದಲ್ಲಿ ನಮಗೆ ಆರು ಹಾಡು ಕೊಟ್ಟಿದ್ದಾರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಟೈರುಗಳನ್ನು ಬಿಟ್ಟು ಮನುಷ್ಯರ ಮುಂದೆ ನುಡಿಸುತ್ತೇವೆ. ನೀನು ಬರಲೇಬೇಕು. ಅಲ್ಲಿಯವರೆಗೆ ಹೀಗೆ ಮಾಡೋಣ: ಡ್ರಮ್ಮು, ಗಿಟಾರು, ಹಾಡು ಇರುವ ಕ್ಯಾಸೆಟ್ಟನ್ನು ಇದರ ಜೊತೆ ಕಳಿಸಿದ್ದೇನೆ. ನೀನು ಅದಕ್ಕೆ ಬಾಸ್ ಸೇರಿಸಿ ವಾಪಸು ಕಳಿಸು. ಫೋನಿನಲ್ಲಿ ಕೇಳಿಸುತ್ತೇನೆ ಎನ್ನಬೇಡ. ಕಳೆದ ಸಲ ಕೇಳಿಸಿದಾಗ ನೊಣ ಹಾರಿದಂತಿತ್ತು. ಫೋನಿನ ತಂತಿಯೊಳಗೆ ಬಾಸ್ ತೂರುವುದಿಲ್ಲ.

ನಿನ್ನ ಭಾವ

2 ಮಾರ್ಚ್ 1996

ಭಾವನವರಿಗೆ,

ಕ್ಯಾಸೆಟ್ ತಲುಪಿತು, ಒಡೆದಿಲ್ಲ. ನನ್ನ ಕೋಣೆ ಒಂದು ಇಸ್ತ್ರಿ ಅಂಗಡಿಯ ಮೇಲಿದೆ. ಕಿಟಕಿ ತೆರೆದರೆ ಬಿಸಿ ಹತ್ತಿಬಟ್ಟೆಯ ವಾಸನೆ. ಮುದ್ರಣಾಲಯದ ಹಿರಿಯ ಮೆಷಿನ್‌ಮನ್ ಒಬ್ಬರ ಬಳಿ ಹದಿನೈದು ಇಂಚಿನ ಸ್ಪೀಕರಿನ ಹಳೆಯ ಆಂಪ್ಲಿಫೈಯರ್ ಬಿದ್ದಿತ್ತು. ಹೊತ್ತು ತಂದೆ. ಮೊದಲ ದಿನ ದಪ್ಪ ತಂತಿ ಮೀಟಿದಾಗ ಇಸ್ತ್ರಿಯವರು ಮೆಟ್ಟಿಲು ಹತ್ತಿ ಬಂದು, "ಸಾರ್, ಕೆಳಗೆ ಮಡಿಚಿಟ್ಟ ಅಂಗಿಗಳು ನಡೀತಾ ಇವೆ" ಎಂದರು. ಈಗ ಪೆಟ್ಟಿಗೆಯ ಕೆಳಗೆ ದಪ್ಪ ಕಂಬಳಿ ಹಾಕಿದ್ದೇನೆ, ಅಂಗಿಗಳು ನಿಂತಲ್ಲೇ ಇವೆ.

ಒಂದು ಟೇಪಿನಲ್ಲಿ ನಿಮ್ಮ ಕ್ಯಾಸೆಟ್ ಓಡುತ್ತದೆ, ಪಕ್ಕದಲ್ಲಿ ನಾನು ನುಡಿಸುತ್ತೇನೆ, ಇನ್ನೊಂದು ಟೇಪು ಎರಡನ್ನೂ ಹಿಡಿಯುತ್ತದೆ. ಐದನೆಯ ಹಾಡಿನ ಕೊನೆಯಲ್ಲಿ ಕಿವಿಗೊಟ್ಟು ಕೇಳಿ. ಒಂದೇ ಎಣಿಕೆಯಲ್ಲಿ ಎಂಟು ಸ್ವರ! ನಿಮ್ಮ ಕ್ಯಾಸೆಟ್ ಬರುವ ಮೊದಲಿನಿಂದಲೇ, ಆರು ವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅದೊಂದನ್ನೇ ತಿದ್ದಿದ್ದೇನೆ. ಕಿರುಬೆರಳು ಈಗ ಉಳಿದ ಮೂರರ ಮಾತು ಕೇಳುತ್ತಿದೆ.

ನವೆಂಬರಿಗೆ ಬಂದೇ ಬರುತ್ತೇನೆ. ಟೈರುಗಳನ್ನು ಎತ್ತಿಸಿಡಿ.

ಗುಮ್ಮ

24 ಮಾರ್ಚ್ 1996

ಗುಮ್ಮ,

ಕೇಳಿದೆವು. ಮಾತ್ರೆ, "ಕೈ ಚೆನ್ನಾಗಿ ಓಡ್ತಿದೆ" ಎಂದ. ಮೇಡಂ, "ನಾನು ಉಸಿರು ತೆಗೆದುಕೊಳ್ಳೋ ಜಾಗದಲ್ಲೂ ಅವರೇ ಇದಾರೆ" ಎಂದರು. ನಾನು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ: ನೀನು ಬಾಸ್ ನುಡಿಸಿಲ್ಲ, ಕಾದ ಎಣ್ಣೆಗೆ ಸಾಸಿವೆ ಹಾಕಿದ್ದೀಯ. ಆ ಎಂಟು ಸ್ವರ ಬರುವಾಗ ನನ್ನ ಡ್ರಮ್ಮು ದಾರಿ ಬಿಟ್ಟು ಪಕ್ಕಕ್ಕೆ ನಿಂತು ನಮಸ್ಕಾರ ಹೇಳಬೇಕಾಯಿತು.

ನನ್ನ ಕಿವಿಯ ಬಗ್ಗೆ ನಿನಗೆ ಗೊತ್ತು. ಗೇಟಿನೊಳಗೆ ಬರುವ ಬಸ್ಸಿನ ಬ್ರೇಕು ಸವೆದಿದೆಯೋ ಇಲ್ಲವೋ ಕಣ್ಣುಮುಚ್ಚಿ ಹೇಳುವವನು ನಾನು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಆ ಕಿವಿ ಹೇಳುತ್ತಿದೆ, ನಿನ್ನ ಬಾಸಿಗೆ ಬ್ರೇಕಿಲ್ಲ.

ನಿನ್ನ ಅಕ್ಕ ಕಂಡಕ್ಟರುಗಳ ಸಮವಸ್ತ್ರ ಹೊಲಿಯುತ್ತ ಪೂರ್ತಿ ಕೇಳಿದಳು. "ನನ್ನ ತಮ್ಮ ನುಡಿಸಿದ್ದು, ಯಾರೂ ಏನೂ ಅನ್ನಬೇಡಿ" ಎಂದು ತೀರ್ಪು ಕೊಟ್ಟಳು. ಇನ್ನೊಂದು ಸಲ ನುಡಿಸಿ ಕಳಿಸು.

ಭಾವ

29 ಏಪ್ರಿಲ್ 1996

ಭಾವ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆದಾದ ಮೇಲೆ ಮೇಜಿನ ಖಾನೆಗೆ ಸೇರಿಸುತ್ತೇನೆ.

ಏಪ್ರಿಲ್ ಒಂಬತ್ತರಂದು ಮೆಷಿನ್ ಒರೆಸುತ್ತಿದ್ದೆ. ನಿಧಾನಕ್ಕೆ ತಿರುಗಲು ಬಿಟ್ಟು ರೋಲರಿನ ಮಸಿ ಒರೆಸುವುದು ನಾವೆಲ್ಲ ಮಾಡುವುದೇ. ಮಾಡಬಾರದು ಎಂದು ಗೋಡೆಯ ಮೇಲೆ ಬರೆದಿದೆ, ಆ ಫಲಕವನ್ನು ಮುದ್ರಿಸಿದವನೂ ನಾನೇ. ಬಟ್ಟೆಯನ್ನು ರೋಲರು ಎಳೆದುಕೊಂಡಿತು, ಬಟ್ಟೆಯ ಹಿಂದೆ ನನ್ನ ಎಡಗೈ ಹೋಯಿತು. ಬೆರಳುಗಳು ಇವೆ. ಉಂಗುರದ ಬೆರಳು ಮತ್ತು ಕಿರುಬೆರಳಿನ ಒಳಗಿನ ನರದಂಥ ದಾರ ತುಂಡಾಗಿದೆ. ಡಾಕ್ಟರು ಒಳ್ಳೆಯವರು. "ನೋಡೋದಕ್ಕೆ ಚೆನ್ನಾಗೇ ಇರುತ್ತವೆ, ಬಗ್ಗಲ್ಲ ಅಷ್ಟೇ" ಎಂದರು. ಬಗ್ಗದ ಬೆರಳು ಬಾಸಿನ ಮೇಲೆ ಏನು ಮಾಡಬೇಕು? ಕಿರುಬೆರಳಿಗೆ ಆರು ವಾರ ಪಾಠ ಹೇಳಿದ್ದೆ.

ಅಕ್ಕನಿಗೆ ಗೊತ್ತಾದರೆ ಸಿಕ್ಕಿದ ಬಸ್ಸು ಹತ್ತಿ ಬಂದು ನನ್ನ ಕೋಣೆಯಲ್ಲಿ ಕೂರುತ್ತಾಳೆ. ನಿಮಗೆ ಗೊತ್ತಾದರೆ "ಪಾಪ" ಎನ್ನುತ್ತೀರಿ. ಮಾತ್ರೆ ಮುಲಾಮು ಕಳಿಸುತ್ತಾನೆ. ಆಮೇಲೆ ನೀವು ಮೂವರೂ ಬಹಳ ಒಳ್ಳೆಯ ಮನಸ್ಸಿನಿಂದ ಬೇರೊಬ್ಬ ಬಾಸಿನವನನ್ನು ಹುಡುಕುತ್ತೀರಿ. ನನಗೆ ಅದೊಂದು ಬೇಡ. ಈ ಊರಿನಲ್ಲಿ ನನ್ನದು ಅಂತ ಇರುವುದು ಒಂದು ಮಂಚ, ಒಂದು ಪೆಟ್ಟಿಗೆ. ನಿಮ್ಮ ಊರಿನಲ್ಲಿ ಇರುವುದು ಟೈರು ಕೋಣೆಯ ಆ ಮೂಲೆ.

19 ಮೇ 1996

ಎಲೈ ಗುಮ್ಮ,

ಎಂಟು ವಾರ! ಒಂದು ಗೆರೆ ಇಲ್ಲ, ಒಂದು ಕ್ಯಾಸೆಟ್ ಇಲ್ಲ. ಸಾಸಿವೆ ಎಂದಿದ್ದಕ್ಕೆ ಮುನಿಸಿಕೊಂಡೆಯಾ? ಅಥವಾ ಯಾರಾದರೂ ಸಿಕ್ಕಿದ್ದಾರಾ? ಮೂವತ್ತೆಂಟಕ್ಕಾದರೂ ಬುದ್ಧಿ ಬಂದಿದ್ದರೆ ಹೇಳು, ನಿನ್ನ ಅಕ್ಕ ಕುಣಿಯುತ್ತಾಳೆ, ನಾನು ಬಾರಿಸುತ್ತೇನೆ. ಮಾತ್ರೆಯ ಪ್ರಕಾರ ಹುಡುಗಿ ಇಸ್ತ್ರಿ ಅಂಗಡಿಯ ಕಡೆಯವಳೇ. ನಿನ್ನ ಅಂಗಿ ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ.

ತಮಾಷೆ ಇರಲಿ. ಅಕ್ಕ ದಿನಾ ಅಂಚೆಯವರ ಸೈಕಲ್ಲಿನ ಗಂಟೆಗೆ ಎದ್ದು ಬಾಗಿಲಿಗೆ ಹೋಗುತ್ತಾಳೆ. ಎರಡೇ ಸಾಲು ಬರಿ.

ಭಾವ

17 ಜೂನ್ 1996

ಭಾವನವರಿಗೆ,

ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಶಾಲೆ ಶುರುವಾಗುವ ಕಾಲ, ಪಠ್ಯಪುಸ್ತಕದ ಕೆಲಸ ತಲೆಯ ಮೇಲೆ ಕೂತಿತ್ತು. ಹುಡುಗಿ ಗಿಡುಗಿ ಯಾರೂ ಇಲ್ಲ. ಇಸ್ತ್ರಿಯವರಿಗೆ ಇರುವುದು ಮೂವರು ಗಂಡುಮಕ್ಕಳು.

ಆರೂ ಹಾಡು ಹೊಸದಾಗಿ ನುಡಿಸಿ ಕಳಿಸಿದ್ದೇನೆ. ಸ್ವಲ್ಪ ಬೇರೆ ಥರ ಕೇಳಿಸಬಹುದು. ಯಾಕೆಂದರೆ ಸಾಮಾನು ಬದಲಾಯಿಸಿದ್ದೇನೆ. ದುಂಡು ಸುತ್ತಿನ ತಂತಿ ತೆಗೆದು ಚಪ್ಪಟೆ ಸುತ್ತಿನ ನಯವಾದ ತಂತಿ ಹಾಕಿದೆ. ತಂತಿಗಳ ಬುಡದಲ್ಲಿ, ಅವು ಕೂರುವ ಕುದುರೆಯ ಹತ್ತಿರ, ಪಾತ್ರೆ ತೊಳೆಯುವ ಸ್ಪಂಜಿನ ತುಂಡೊಂದನ್ನು ಸಿಕ್ಕಿಸಿದ್ದೇನೆ. ಅದರಿಂದ ಸ್ವರ ಉದ್ದಕ್ಕೆ ಎಳೆಯದೆ ಗುಂ ಎಂದು ನಿಲ್ಲುತ್ತದೆ. ಟೋನಿನ ಗುಂಡಿ ಅರ್ಧಕ್ಕಿಂತ ಕೆಳಗೆ. ಅಷ್ಟೇ, ಬೇರೇನೂ ಇಲ್ಲ.

ಅಕ್ಕನಿಗೆ ಹೇಳಿ, ಚೆನ್ನಾಗಿದ್ದೇನೆ.

ಗುಮ್ಮ

8 ಜುಲೈ 1996

ನನ್ನ ಬಂಗಾರದ ಬಾಮೈದ,

ಇದೇನಯ್ಯಾ ಇದು! ಟೈರು ಕೋಣೆಯಲ್ಲಿ ಮೊದಲ ಹಾಡು ಮುಗಿದಾಗ ಮಾತ್ರೆ ಕನ್ನಡಕ ತೆಗೆದು ಒರೆಸಿದ. ಮೇಡಂ, "ಈಗ ಹಾಡೋಕೆ ಜಾಗ ಇದೆ" ಎಂದರು. ನೀನು ಒಂದು ಸ್ವರ ಇಡುತ್ತೀಯ, ಕಾಯುತ್ತೀಯ, ನನ್ನ ಡ್ರಮ್ಮು ಬರುತ್ತದೆ, ಆಮೇಲೆ ಇನ್ನೊಂದು ಇಡುತ್ತೀಯ. ಐದನೆಯ ಹಾಡಿನ ಕೊನೆಯ ಎಂಟು ಸ್ವರದ ಜಾಗದಲ್ಲಿ ಈಗ ಎರಡೇ ಎರಡು! ಆ ಎರಡಕ್ಕೆ ನನ್ನ ರೋಮ ಎದ್ದು ನಿಂತಿತು. ಹನ್ನೊಂದು ವರ್ಷ ಬೈದರೂ ಬಾರದ ಬುದ್ಧಿ ಒಂದು ಸ್ಪಂಜಿನಿಂದ ಬಂತಲ್ಲ.

ಮಾತ್ರೆ ಮರುದಿನವೇ ಚಪ್ಪಟೆ ಸುತ್ತಿನ ತಂತಿ ತಂದ. ಡಿಪೊದಲ್ಲಿದ್ದ ಆ ಹಳೆಯ ಪ್ಲೈವುಡ್ ಬಾಸನ್ನು ಮನೆಗೆ ತಂದು ಆ ತಂತಿ ಹಾಕಿದೆವು. ಸ್ಪಂಜು ಸಿಕ್ಕಿಸಿದೆವು. ನಿನ್ನ ಸದ್ದು ಬರಲಿಲ್ಲ. ಮಾತ್ರೆ ನುಡಿಸಿದರೆ ಒದ್ದೆ ಚಪ್ಪಲಿ ನಡೆದಂತಿದೆ. ಸ್ಪಂಜು ಯಾವ ಬಣ್ಣದ್ದು? ಹಸಿರು ಒರಟಾದದ್ದೋ, ಹಳದಿ ಮೆತ್ತಗಿನದೋ? ದಪ್ಪ ಎಷ್ಟು? ಒಣಗಿದ್ದೋ, ಒಂದು ಸಲ ನೆನೆಸಿ ಹಿಂಡಿದ್ದೋ? ತಪ್ಪದೆ ತಿಳಿಸು. ನಾನು ಈಗಾಗಲೇ ನಾಲ್ಕು ಕತ್ತರಿಸಿದ್ದೇನೆ. ಅಡುಗೆಮನೆಯಲ್ಲಿ ಪಾತ್ರೆಗಳು ಹಾಗೇ ಇವೆ.

ನಿನ್ನ ಅಕ್ಕ ಮಾತ್ರ ವಿಚಿತ್ರ. ಎಲ್ಲರೂ ಕುಣಿಯುತ್ತಿದ್ದರೆ ಇವಳು ಸುಮ್ಮನೆ ಕ್ಯಾಸೆಟ್ ತೆಗೆದುಕೊಂಡು ಹೊಲಿಗೆ ಮೆಷಿನ್ ಪಕ್ಕ ಇಟ್ಟುಕೊಂಡಳು. ಮೂರನೆಯ ಹಾಡಿನ ಶುರುವಿನಲ್ಲಿ ನೀನೊಬ್ಬನೇ ನುಡಿಸುತ್ತೀಯಲ್ಲ, ಅಷ್ಟನ್ನೇ ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳುತ್ತಾಳೆ. "ಅವನು ಸರಿಯಾಗಿ ಊಟ ಮಾಡ್ತಿದಾನಂತಾ?" ಎಂದು ಕೇಳಿದಳು. ಬಾಸಿಗೂ ಊಟಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ಭಾವ

30 ಜುಲೈ 1996

ಭಾವನವರಿಗೆ,

ಸ್ಪಂಜು ಹಳದಿಯದು. ಒಂದು ಬೆರಳು ದಪ್ಪ. ಒಣಗಿದ್ದು. ನಿಮ್ಮದು ಹೊಸದಾದ್ದರಿಂದ ಹಾಗೆ ಕೇಳಿಸುತ್ತಿರಬಹುದು, ಹಳೆಯದನ್ನು ಹಾಕಿ ನೋಡಿ.

ಇಷ್ಟು ಮೆಚ್ಚಿಕೊಳ್ಳುತ್ತೀರಿ ಎಂದುಕೊಂಡಿರಲಿಲ್ಲ. ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲನೆಯ ಸಲ ನಕ್ಕೆ. ಉಳಿದ ಮೂರು ಸಲದ ಬಗ್ಗೆ ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಆದರೆ ಎದುರಿಗೆ ಸಿಗುವುದೇ ಕಷ್ಟವಾಗಬಹುದು. ನವೆಂಬರಿನಲ್ಲಿ ಇಲ್ಲಿ ಡೈರಿ, ಕ್ಯಾಲೆಂಡರುಗಳ ಕೆಲಸ. ರಜೆ ಸಿಗುವುದು ಅನುಮಾನ. ಕ್ಯಾಸೆಟ್ಟನ್ನೇ ಸಭಾಂಗಣದ ಸ್ಪೀಕರಿಗೆ ಹಾಕಿ ನೀವು ಜೊತೆಗೆ ನುಡಿಸಿದರೆ ಹೇಗೆ? ಯೋಚನೆ ಮಾಡಿ.

ಗುಮ್ಮ

12 ಆಗಸ್ಟ್ 1996

ಗುಮ್ಮ,

ಕ್ಯಾಸೆಟ್ ಹಾಕುವುದಾದರೆ ನಾನೂ ಮನೆಯಲ್ಲೇ ಕೂರುತ್ತೇನೆ, ಮೇಡಂ ಕೂಡ ಕೂರಲಿ, ನಾಲ್ಕು ಟೇಪುಗಳನ್ನು ಕುರ್ಚಿಯ ಮೇಲಿಟ್ಟು ಪರದೆ ಎಳೆಯೋಣ.

ಫೆಬ್ರವರಿಯಲ್ಲೇ ಹೇಳಿದ್ದೆ. "ಬಂದೇ ಬರುತ್ತೇನೆ" ಎಂದು ನಿನ್ನ ಕೈಯಾರೆ ಬರೆದಿದ್ದೀಯ, ಪತ್ರ ನನ್ನ ಬಳಿ ಇದೆ. ರಜೆ ಇಲ್ಲವೋ ಮನಸ್ಸಿಲ್ಲವೋ ನಿನಗೇ ಗೊತ್ತು. ಅಷ್ಟು ಚೆನ್ನಾಗಿ ನುಡಿಸಲು ಬಂದ ಮೇಲೆ ಟೈರು ಕೋಣೆಯವರು ಚಿಕ್ಕವರಾಗಿ ಕಾಣುತ್ತಾರೇನೋ. ಇರಲಿ. ಇಲ್ಲಿ ಒಬ್ಬರು ಬಾಸ್ ಕಲಿಯುತ್ತಿದ್ದಾರೆ, ಒಂದು ತಿಂಗಳಿನಿಂದ ದಿನಾ ಕೂತು ತಿದ್ದುತ್ತಿದ್ದಾರೆ. ಯಾರೆಂದು ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನೀನು ಬಾರದಿದ್ದರೂ ಕಾರ್ಯಕ್ರಮ ನಿಲ್ಲುವುದಿಲ್ಲ.

ಭಾವ

20 ಆಗಸ್ಟ್ 1996

ಮಾನ್ಯರೇ,

ಹೊಸಬರು ಸಿಕ್ಕಿದ್ದು ಸಂತೋಷ. ಆರೂ ಹಾಡಿನ ಸ್ವರಗಳನ್ನು ಬರೆದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ, ಅವರಿಗೆ ಕೊಡಿ. ನನ್ನ ಬಾಸನ್ನೂ ಮಾರುವವನಿದ್ದೇನೆ. ತಿಂಗಳ ಕೊನೆಯಲ್ಲಿ ಒಬ್ಬರು ನೋಡಲು ಬರುತ್ತಾರೆ. ಹೊಸಬರಿಗೆ ಬೇಕಿದ್ದರೆ ಅದಕ್ಕೂ ಮುಂಚೆ ತಿಳಿಸಿ, ಅವರಿಗೇ ಕೊಡುತ್ತೇನೆ. ಪ್ಲೈವುಡ್ಡಿಗಿಂತ ಒಳ್ಳೆಯದು.

ಅಕ್ಕನಿಗೆ ನಮಸ್ಕಾರ.

25 ಆಗಸ್ಟ್ 1996

ಪುಟ್ಟಾ,

ಅಕ್ಕ ಬರೀತಿದೀನಿ. ನಿನ್ನ ಭಾವನ ಥರ ಚಂದ ಮಾಡಿ ಬರೆಯೋದು ನನಗೆ ಬರಲ್ಲ, ಮಾತಾಡಿದ ಹಾಗೇ ಬರೀತೀನಿ.

ಎಡಗೈಗೆ ಏನಾಯ್ತೋ?

ಸುಳ್ಳು ಹೇಳಬೇಡ. ಬಟ್ಟೆ ನೋಡಿ ಹೊಲಿದವರ ಕೈ ಯಾವುದು ಅಂತ ಹೇಳೋಳು ನಾನು. ಜೂನಿನ ಕ್ಯಾಸೆಟ್ ಬಂದ ದಿನವೇ ಇದು ನನ್ನ ತಮ್ಮನ ಕೈಯಲ್ಲ ಅನ್ನಿಸ್ತು. ಕೈ ನಿನ್ನದೇ, ಆದರೆ ಅರ್ಧ ಕೈ. ಇವರು ಪ್ಲೈವುಡ್ ಬಾಸ್ ಮನೆಗೆ ತಂದು, ಸ್ಪಂಜು ಕತ್ತರಿಸಿ, ಸುಸ್ತಾಗಿ ಗೋಡೆಗೆ ಒರಗಿಸಿಟ್ಟರಲ್ಲ, ಇವರು ಕೆಲಸಕ್ಕೆ ಹೋದ ಮೇಲೆ ನಾನು ಎತ್ತಿಕೊಂಡೆ. ನಿನ್ನ ಸ್ವರ ಒಂದೊಂದೇ ಹುಡುಕಿ ಕೂತೆ. ನೀನು ಸಣ್ಣವನಿದ್ದಾಗ ಹೇಳಿಕೊಟ್ಟಿದ್ಯಲ್ಲ, ಬಾಸಿನ ಕೊರಳ ಪಟ್ಟಿ ಮೇಲೆ ಒಂದು ಬೆರಳಿಗೆ ಒಂದು ಮನೆ ಅಂತ, ಹಾಗೆ ನಾಲ್ಕು ಬೆರಳಲ್ಲಿ ಹಿಡಿದೆ. ಸ್ವರ ಬಂತು, ನಿನ್ನ ಥರ ಬರಲಿಲ್ಲ. ನಿನ್ನ ಕ್ಯಾಸೆಟ್‌ನಲ್ಲಿ ಎರಡು ಸ್ವರ ಆದ ಕೂಡಲೇ ಒಂದು ಸಣ್ಣ ಕಿರ್ ಸದ್ದು ಬರುತ್ತೆ. ಕೈ ತಂತಿ ಮೇಲೆ ಜಾರೋ ಸದ್ದು. ನಾಲ್ಕು ಬೆರಳಿರೋನು ಅಲ್ಲಿ ಯಾಕೆ ಜಾರಬೇಕು? ಮುಂದಿನ ಬೆರಳು ಅಲ್ಲೇ ಇರುತ್ತಲ್ಲ. ಆಮೇಲೆ ಎರಡೇ ಬೆರಳಲ್ಲಿ ನುಡಿಸಿ ನೋಡಿದೆ. ನೀನು ಜಾರೋ ಜಾಗದಲ್ಲೇ ನನ್ನ ಕೈಯೂ ಜಾರಿತು. ನಾನು ಬಾಸ್ ಕೆಳಗಿಟ್ಟು ಅತ್ತೆ.

ಇನ್ನೊಂದು ಮಾತು. ಚಪ್ಪಟೆ ಸುತ್ತಿನ ತಂತಿ ಅಂದ್ಯಲ್ಲ, ಅದು ಕಿರ್ ಅನ್ನೋದೇ ಇಲ್ಲ. ನಮ್ಮ ಪ್ಲೈವುಡ್ಡಿಗೆ ಹಾಕಿರೋದು ಅದೇ, ಉಜ್ಜಿದರೂ ಅನ್ನಲ್ಲ. ನೀನು ತಂತಿ ಬದಲಾಯಿಸೇ ಇಲ್ಲ. ಸ್ಪಂಜೂ ಇಟ್ಟಿಲ್ಲ ಅಂತ ಕಾಣುತ್ತೆ. ಪಾಪ, ನಿನ್ನ ಭಾವ ಏಳನೇದು ಕತ್ತರಿಸ್ತಿದಾರೆ. ಡಿಪೊದ ಬ್ರೇಕೆಲ್ಲ ಕಿವಿಯಲ್ಲೇ ಕೇಳೋರಿಗೆ ಇದು ಕೇಳಿಸಲಿಲ್ಲ. ನಾನೂ ಹೇಳಿಲ್ಲ. ಮೊದಲು ನಿನ್ನ ಬಾಯಿಂದ ಬರಲಿ ಅಂತ.

ಆ ಹೊಸಬರು ನಾನೇ ಕಣೋ. ಆಣೆ ಹಾಕಿಸಿಕೊಂಡೋಳೂ ನಾನೇ, ಮೊದಲು ನಿನ್ನ ಕೈ ವಿಷಯ ತಿಳೀಬೇಕಿತ್ತು. "ಹಿತ್ತಲ ಗಿಡ ಮದ್ದಲ್ಲ ಅಂತಿದ್ದೆ, ತಪ್ಪಾಯ್ತು ಮಾರಾಯ್ತಿ" ಅಂತ ಇವರು ದಿನಾ ಹೇಳ್ತಾರೆ. ನಿನ್ನ ಜಾಗ ತಗೊಳ್ಳೋಕೆ ಅಲ್ಲ, ನಿನ್ನ ಕೈಗೆ ಏನಾಗಿದೆ ಅಂತ ನನ್ನ ಕೈಯಲ್ಲಿ ತಿಳಿಯೋಕೆ ಕಲಿತೆ. ಕಲೀತಾ ಕಲೀತಾ ನನಗೂ ಹುಚ್ಚು ಹಿಡೀತು, ಅದು ಬೇರೆ ಮಾತು. ಮೆಷಿನ್ ತುಳಿದ ಕಾಲು, ತಾಳ ತಪ್ಪಲ್ಲ ಅಂತಾರೆ ಮೇಡಂ.

ನಿಜ ಹೇಳ್ತೀನಿ ಕೇಳು. ಮೊದಲು ನೀನು ಬಾಸ್ ನುಡಿಸಿದರೆ ಯಾರೂ ಕೇಳದೇ ಇದ್ದದ್ದಕ್ಕೂ ಉತ್ತರ ಹೇಳ್ತಿದ್ದೆ. ಈಗ ಕೇಳಿದ್ದಕ್ಕೆ ಮಾತ್ರ ಹೇಳ್ತೀಯ. ಅಂದು ನನ್ನ ತಮ್ಮ ಅಂತ ಹೊಗಳಿದ್ದೆ. ಈಗ ಚೆನ್ನಾಗಿದೆ ಅಂತ ಹೊಗಳ್ತಿದೀನಿ.

ಬಾಸ್ ಮಾರಿದರೆ ನನ್ನ ಮೇಲಾಣೆ. ಆ ನೋಡೋಕೆ ಬರೋರಿಗೆ ಕಾಫಿ ಕೊಟ್ಟು ಕಳಿಸು.

ಅಕ್ಕ

3 ಸೆಪ್ಟೆಂಬರ್ 1996

ಭಾವ, ಅಕ್ಕ, ಇಬ್ಬರಿಗೂ,

ಬಾಸ್ ಮಾರಲಿಲ್ಲ. ಕೊಳ್ಳಲು ಬಂದವರು ಒಳ್ಳೆಯವರು, ಕಾಫಿ ಕುಡಿದು, ಒಂದು ಗಂಟೆ ಆಂಪ್ಲಿಫೈಯರ್ ಬಗ್ಗೆ ಮಾತಾಡಿ ಹೋದರು.

ಏಪ್ರಿಲ್ 29ರಂದು ಬರೆದು ಖಾನೆಯಲ್ಲಿಟ್ಟಿದ್ದ ಪತ್ರವನ್ನು ಇದರೊಳಗೆ ಮಡಿಚಿಟ್ಟಿದ್ದೇನೆ. ಮೊದಲು ಅದನ್ನು ಓದಿ.

ಓದಿದಿರಾ? ಈಗ ಉಳಿದದ್ದು. ತಂತಿ ಹಳೆಯದೇ. ಸ್ಪಂಜು ಇಲ್ಲ, ಇರಲೇ ಇಲ್ಲ. ಟೋನಿನ ಗುಂಡಿ ಎಲ್ಲಿತ್ತೋ ಅಲ್ಲೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಣಿಯಲಾರದೆ ನೆಲ ಹೊಸದು ಎಂದೆ. ಸದ್ದು ಬೇರೆಯಾಗಿದೆ ಎಂದು ನೀವು ಕೇಳುವ ಮೊದಲೇ ಒಂದು ಕಾರಣ ಕೊಟ್ಟುಬಿಡೋಣ ಅನ್ನಿಸಿತು. ನಮ್ಮಂಥವರು ಸಾಮಾನಿನ ಮಾತನ್ನು ಕಣ್ಣುಮುಚ್ಚಿ ನಂಬುತ್ತೇವೆ ಎಂದು ನನಗೆ ಗೊತ್ತಿತ್ತು. ನನಗೇ ಯಾರಾದರೂ ಹೇಳಿದ್ದರೆ ನಾನೂ ಸ್ಪಂಜು ತರಲು ಓಡುತ್ತಿದ್ದೆ.

ನಿಜವಾಗಿ ಆದದ್ದು ಇಷ್ಟು. ಮೇ ತಿಂಗಳಿಡೀ ಬಾಸನ್ನು ಮುಟ್ಟಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಕ್ಯಾಸೆಟ್ ಹಾಕಿ ಸುಮ್ಮನೆ ಕೇಳಿದೆ. ಹನ್ನೊಂದು ವರ್ಷದಲ್ಲಿ ನಿಮ್ಮ ಡ್ರಮ್ಮನ್ನು ಪೂರ್ತಿ ಕೇಳಿದ್ದು ಅದೇ ಮೊದಲು, ಭಾವ. ನುಡಿಸುವಾಗ ನನ್ನದನ್ನೇ ಕೇಳಿಕೊಳ್ಳುತ್ತಿದ್ದೆ. ಎರಡು ಬೆರಳಿನವನಿಗೆ ಎಲ್ಲ ಸ್ವರ ಸಿಗುವುದಿಲ್ಲ. ಯಾವುದು ಬಿಟ್ಟರೆ ಹಾಡು ಬೀಳುತ್ತದೆ, ಯಾವುದು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದೊಂದಾಗಿ ತೆಗೆದು ನೋಡಿದೆ. ಬೇಕಾದದ್ದು ಬಹಳ ಕಡಿಮೆ ಇತ್ತು. ಸಂಕಟವಾಯಿತು. ಇಷ್ಟು ವರ್ಷ ಮಾಡಿದ್ದೆಲ್ಲ ಸಾಸಿವೆಯೇ ಎಂದು ಗೊತ್ತಾಯಿತಲ್ಲ.

ಬರಬೇಕೆಂಬ ಆಸೆ ತುಂಬಾ ಇದೆ. ಆದರೆ ನಾನೂರು ಜನ ನನ್ನ ಕೈ ನೋಡುತ್ತಾರೆ. ಎರಡು ಬೆರಳು ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತವೆ. ಸಂತೆಯಲ್ಲಿ ದಾರಿ ತೋರಿಸುವವನ ಹಾಗೆ. ದೊಡ್ಡ ಸ್ಪೀಕರಿನ ಹಿಂದೆ, ಎಡಗೈ ಕಾಣದ ಹಾಗೆ ನಿಲ್ಲಲು ಜಾಗವಿದ್ದರೆ ಹೇಳಿ. ಇಲ್ಲದಿದ್ದರೆ ಅಕ್ಕನೇ ಆರೂ ಹಾಡು ನುಡಿಸಲಿ. ಈ ಸಲ ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

ಪುಟ್ಟ

15 ಸೆಪ್ಟೆಂಬರ್ 1996

ಕಳ್ಳಾ,

ಎರಡು ದಿನ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಮೂರನೆಯ ದಿನ ನನ್ನ ಮೇಲೇ ಬಂತು. ಬ್ರೇಕಿನ ಸದ್ದು ಕೇಳಿ ಚಕ್ರ ಬಿಚ್ಚದೆ ರೋಗ ಹೇಳುವ ಈ ಮಹಾಶಯನಿಗೆ ಬಾಮೈದನ ಕೈ ಮುರಿದದ್ದು ಕೇಳಿಸಲಿಲ್ಲ. ಆ ಕಿರ್ ಸದ್ದು ನನಗೂ ಕೇಳಿಸಿತ್ತು ಮಾರಾಯ. ಕ್ಯಾಸೆಟ್ ಹಳೆಯದು ಎಂದುಕೊಂಡು ಟೇಪಿನ ತಲೆಯನ್ನು ಹತ್ತಿಯಿಂದ ಒರೆಸಿದೆ. ಎರಡು ಸಲ! ಚಿಕ್ಕವರಾಗಿ ಕಾಣುತ್ತೇವೆಯೇ ಎಂದು ಬೇರೆ ಬರೆದೆನಲ್ಲ, ಆ ಸಾಲನ್ನು ಹೊಡೆದು ಹಾಕು.

ಏಪ್ರಿಲ್ ಪತ್ರವನ್ನು ಡಿಪೊದಲ್ಲಿ, ಬಸ್ಸಿನ ಕೆಳಗೆ ಮಲಗಿ ಓದಿದೆ. ಅಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ. "ಪಾಪ" ಎನ್ನುತ್ತೇವೆ ಎಂದು ಹೆದರಿದ್ದೆಯಲ್ಲ, ಹೌದು, ಅಂದೆ. ಒಂದೇ ಸಲ ಅಂದೆ. ಆಮೇಲೆ ಎದ್ದು ಕೆಲಸ ಮಾಡಿದೆ. ಸಂಜೆ ಟೈರು ಕೋಣೆಗೆ ಹೋಗಿ ಆ ಒಂಬತ್ತು ಟೈರುಗಳನ್ನು ಎತ್ತಿ ಹೊರಗೆ ಹಾಕಿದೆ. ಅದು ನಿನ್ನ ಜಾಗ. ಅಲ್ಲಿ ಬೇರೆ ಯಾರೂ ನಿಲ್ಲುವುದಿಲ್ಲ, ನಿನ್ನ ಅಕ್ಕ ಕೂಡ. ಅವಳು ಕೂತು ನುಡಿಸುತ್ತಾಳೆ, ಹೊಲಿಗೆ ಮೆಷಿನ್ನಿನ ಸ್ಟೂಲು ತಂದಿದ್ದಾಳೆ.

ಸ್ಪೀಕರಿನ ಹಿಂದೆ ಜಾಗವಿದೆ. ನಿನಗೆ ಬೇಕಿದ್ದರೆ ಅಲ್ಲೇ ನಿಲ್ಲು, ಪರದೆ ಬೇಕಿದ್ದರೆ ಹೊಲಿದು ಕೊಡುತ್ತಾಳೆ. ಇಲ್ಲಿ ಬಂದು ನಿಂತರೆ ಸಾಕು. ಒಂದು ವಿಷಯ ಮಾತ್ರ ತಿಳಿದಿರಲಿ. ಮೊದಲ ಎರಡು ಹಾಡು ಅವಳದು. ಬಿಟ್ಟುಕೊಡುವುದಿಲ್ಲವಂತೆ. ನೀನು ಬರುವಷ್ಟರಲ್ಲಿ ಅಭ್ಯಾಸವಾಗಲಿ ಎಂದು ನಾಲ್ಕು ಬೆರಳಿನ ಪಾಠ ಹೇಳಿಕೊಡಲು ಹೋದೆ. "ನನ್ನ ತಮ್ಮ ಹೇಗೆ ನುಡಿಸ್ತಾನೋ ಹಾಗೇ ನುಡಿಸೋದು" ಎಂದಳು. ಎರಡೇ ಬೆರಳಿನಲ್ಲಿ ಕಲಿತಿದ್ದಾಳೆ, ಇನ್ನೆರಡನ್ನು ಮಡಿಚಿ ಹಿಡಿಯುತ್ತಾಳೆ. ಒಂದು ಬ್ಯಾಂಡು, ಇಬ್ಬರು ಬಾಸಿನವರು, ಒಟ್ಟು ನಾಲ್ಕು ಬೆರಳು. ಲೆಕ್ಕ ಸರಿಹೋಯಿತು ಎಂದರು ಮೇಡಂ.

ಹದಿಮೂರು ಸ್ಪಂಜು ಕತ್ತರಿಸಿದ್ದೇನೆ. ಅದರ ಶಿಕ್ಷೆ ನೀನು ಬಂದ ಮೇಲೆ.

ಭಾವ

2 ನವೆಂಬರ್ 1996

ಭಾವ,

ಹದಿನಾಲ್ಕರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಮ್ಮ ಡಿಪೊದ ಬಸ್ಸೇ, ಬ್ರೇಕು ನೋಡಿ ಕಳಿಸಿ.

ಅಕ್ಕ ಎರಡು ಬೆರಳು ಮಡಿಚಿಕೊಂಡು ನುಡಿಸುತ್ತಾಳೆ ಎಂದು ಓದಿದೆ. ಮಡಿಚಬೇಡ ಎಂದು ಹೇಳಿ. ನನ್ನವು ಮಡಿಚುವುದಿಲ್ಲ, ಅವಳವು ಚೆನ್ನಾಗಿವೆ, ನಾಲ್ಕನ್ನೂ ಬಳಸಲಿ. ಕಿರುಬೆರಳಿನ ಪಾಠವನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ, ಈಗಲೇ ಶುರು ಮಾಡಲಿ, ಬಂದ ಮೇಲೆ ನಾನೇ ತಿದ್ದುತ್ತೇನೆ. ಆರು ವಾರ ಕಲಿತದ್ದು ನನ್ನ ತಲೆಯಲ್ಲಿ ಹಾಗೇ ಇದೆ, ಒಂದು ಒಳ್ಳೆಯ ಕೈಗೆ ಸೇರಲಿ. ಐದನೆಯ ಹಾಡಿನ ಆ ಎಂಟು ಸ್ವರ ಅವಳು ನುಡಿಸಲಿ, ಪಕ್ಕದಲ್ಲಿ ನಾನು ನನ್ನ ಎರಡನ್ನು ಇಡುತ್ತೇನೆ. ನೀವು ಈ ಸಲ ಪಕ್ಕಕ್ಕೆ ನಿಲ್ಲಬೇಕಾಗಿಲ್ಲ.

ಸ್ಪೀಕರಿನ ಹಿಂದಿನ ಜಾಗ ಬೇಡ. ಅಕ್ಕನ ಸ್ಟೂಲಿನ ಪಕ್ಕ, ಮುಂದೆ, ಎಡಗೈ ಜನರ ಕಡೆಗೆ ಇರುವಂತೆ ನಿಲ್ಲುತ್ತೇನೆ. ನೋಡುವವರು ನೋಡಲಿ.

ಇನ್ನೊಂದು ವಿಷಯ. ಹದಿಮೂರು ಸ್ಪಂಜಿನ ಪಾಪ ತಲೆ ಮೇಲಿದೆಯಲ್ಲ ಎಂದು ಮೊನ್ನೆ ನಿಜವಾಗಿಯೂ ಒಂದು ತುಂಡು ಕತ್ತರಿಸಿ ತಂತಿಗಳ ಬುಡಕ್ಕೆ ಸಿಕ್ಕಿಸಿದೆ. ಭಾವ, ಬಹಳ ಚೆನ್ನಾಗಿ ಕೇಳಿಸುತ್ತದೆ. ನಿಮ್ಮ ಹದಿಮೂರರಲ್ಲಿ ಒಂದನ್ನೂ ಬಿಸಾಡಬೇಡಿ, ಬಂದ ಕೂಡಲೇ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡೋಣ.

ಗುಮ್ಮ